ತಡವಾಗಿದ್ದು ಯಾರು? ಒಂದು ಭಜನಾ ಮೇಳದ ರೆಕಾರ್ಡಿಂಗ್ ಪ್ರಕರಣ

ಈ ಪ್ರಕರಣದ ಮೇಳ, ಸ್ಟುಡಿಯೊ, ಊರು, ಹಾಡು ಯಾವುದನ್ನೂ ಹೆಸರಿಸುತ್ತಿಲ್ಲ. ಗುರುತು ಸಿಗುವಂಥ ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ. ಅಳತೆಗಳನ್ನು ಮಾತ್ರ ಇದ್ದ ಹಾಗೇ ಕೊಟ್ಟಿದ್ದೇನೆ, ಕಥೆಯ ತಿರುವುಗಳೆಲ್ಲ ಅವುಗಳಲ್ಲೇ ಇವೆ. ರೆಕಾರ್ಡ್ ಮಾಡಿದ ಹಾಡಿನಲ್ಲಿ ತಾಳ ಕೂತಿಲ್ಲ ಎಂದ ಕೂಡಲೇ ಕ್ವಾಂಟೈಸ್ ಬಟನ್ನಿಗೆ, ಅಂದರೆ ಪೆಟ್ಟುಗಳನ್ನು ಸಮ ಅಂತರದ ಗೆರೆಗಳಿಗೆ ತಾನೇ ಎಳೆದು ಕೂರಿಸುವ ಸಲಕರಣೆಗೆ, ಕೈ ಹಾಕುವವರು ಇದನ್ನು ಓದಬೇಕೆಂಬುದು ನನ್ನ ಆಸೆ.

ಹಿನ್ನೆಲೆ

ಜಗಳೂರು, ಚಳ್ಳಕೆರೆ ಸೀಮೆಯ ಹಳ್ಳಿಗಳಲ್ಲಿ ಇಡೀ ರಾತ್ರಿ ಭಜನೆ ಮಾಡುವ ಮೇಳಗಳು ಈಗಲೂ ಇವೆ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಜಗಳೂರು ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಹಾಗಾಗಿ ಭಜನೆಯ ಧಾಟಿಗೆ ಜಿಲ್ಲೆಯ ಗಡಿ ಅಂಟುವುದಿಲ್ಲ. ಮುಂದೆ ಹಾಡುವವರು ಒಬ್ಬರು, ಅವರ ಕೈಯಲ್ಲಿ ಚಿಟಿಕೆ ಎಂಬ ಪುಟ್ಟ ತಾಳವಾದ್ಯ. ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ, ತಾಳ, ಒಮ್ಮೊಮ್ಮೆ ದಮ್ಮಡಿ ಎಂಬ ಚರ್ಮವಾದ್ಯ. ಹಿಂದೆ ನಾಲ್ಕೈದು ಜನ ಸೊಲ್ಲು ಹಿಡಿಯುತ್ತಾರೆ. ತತ್ವಪದ ನಿಧಾನಕ್ಕೆ ಶುರುವಾಗಿ, ನುಡಿಯಿಂದ ನುಡಿಗೆ ಲಯ ಏರುತ್ತ, ಕೊನೆಗೆ ತಬಲಾದವರು ಲಗ್ಗಿ, ಅಂದರೆ ಬಿರುಸಿನ ನಡೆ, ಹಿಡಿದು ಮುಗಿಸುತ್ತಾರೆ. ಈ ಏರಿಕೆಯನ್ನು ಯಾರೂ ಲೆಕ್ಕ ಹಾಕಿ ಮಾಡುವುದಿಲ್ಲ. ಮುಂದಾಳಿನ ಉಸಿರು ಎಷ್ಟು ಬೇಡುತ್ತದೋ ಅಷ್ಟು.

ಇಂಥ ಒಂದು ಮೇಳಕ್ಕೆ ತಮ್ಮ ಊರಿನ ಜಾತ್ರೆಯ ಹೊತ್ತಿಗೆ ಕೆಲವು ಪದಗಳನ್ನು ಚೆನ್ನಾಗಿ ರೆಕಾರ್ಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಹಂಚಬೇಕು, ಯೂಟ್ಯೂಬ್‌ಗೂ ಏರಿಸಬೇಕು ಎಂದು ಮನಸ್ಸಾಯಿತು. ಊರವರೇ ದುಡ್ಡು ಕೂಡಿಸಿದರು. ದಾವಣಗೆರೆಯಲ್ಲಿ ಅಂಗಡಿಯೊಂದರ ಮಹಡಿಯ ಮೇಲೆ ಒಬ್ಬ ಯುವಕ ಸಣ್ಣ ಸ್ಟುಡಿಯೊ ನಡೆಸುತ್ತಾನೆ. ಕೆಲಸದಲ್ಲಿ ಶ್ರದ್ಧೆ ಇರುವ ಹುಡುಗ, ಸಾಫ್ಟ್‌ವೇರ್‌ನಲ್ಲಿ ಕೈ ಚುರುಕು. ಆದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅವನ ಆಡಿಯೊ ಇಂಟರ್‌ಫೇಸ್‌ಗೆ ಇದ್ದದ್ದು ಎರಡೇ ಇನ್‌ಪುಟ್. ಒಂದು ಸಲಕ್ಕೆ ಎರಡು ಮೈಕ್ ಮಾತ್ರ.

ಆದ್ದರಿಂದ ಪದರ ಪದರವಾಗಿ ರೆಕಾರ್ಡ್ ಮಾಡುವುದೆಂದು ತೀರ್ಮಾನವಾಯಿತು. ಮೊದಲ ಪದರ ಮುಂದಾಳಿನ ಹಾಡು ಮತ್ತು ಹಾರ್ಮೋನಿಯಂ. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ತಬಲಾ, ಎಡಗೈಯ ಡಗ್ಗಾಗೊಂದು, ಬಲಗೈಯ ‘ಬಲ’ಕ್ಕೊಂದು ಮೈಕ್. ಆಮೇಲೆ ತಾಳ. ಕೊನೆಗೆ ಹಿಂದೆ ಹಾಡುವವರು. ಟಿಕ್ ಟಿಕ್ ಎಂದು ಸಮ ಲಯ ಕೊಡುವ ಮೆಟ್ರೊನೋಮ್ ಹಾಕಲಿಲ್ಲ. ಹಾಕಿ ನೋಡಿದಾಗ ಮುಂದಾಳು ಎರಡು ಸಾಲಿಗೇ ಹೆಡ್‌ಫೋನ್ ತೆಗೆದಿಟ್ಟರಂತೆ. ಆ ನಿರ್ಧಾರ ಸರಿಯಾಗಿಯೇ ಇತ್ತು.

ಸಮಸ್ಯೆ

ತಬಲಾ ರೆಕಾರ್ಡ್ ಆದ ಮೇಲೆ ಕೇಳಿದರೆ ಪೆಟ್ಟು ಹಾಡಿಗಿಂತ ಹಿಂದೆ ಬೀಳುತ್ತಿತ್ತು. ತುಂಬ ಹಿಂದೆ ಏನಲ್ಲ. ಆದರೆ ಚಿಟಿಕೆ ಮತ್ತು ತಬಲಾ ಒಟ್ಟಿಗೆ ಬೀಳಬೇಕಾದ ಕಡೆ ‘ಟಕ್’ ಎನ್ನುವ ಬದಲು ‘ಟ್ರಕ್’ ಎನ್ನುತ್ತಿತ್ತು. ಸ್ಟುಡಿಯೊದ ಹುಡುಗ ಇನ್ನೊಂದು ಟೇಕ್ ತೆಗೆದ. ಅದೂ ಹಾಗೇ. ಆಗ ಅವನು ಹಿರಿಯರಾದ ತಬಲಾ ಮಾಸ್ತರಿಗೆ ನಯವಾಗಿಯೇ ಹೇಳಿದ, “ಮಾಸ್ತರೇ, ಸ್ವಲ್ಪ ತಡ ಆಗ್ತತಿ, ಮುಂದೆ ಹಿಡೀರಿ.” ಮಾಸ್ತರು ಒಪ್ಪಲಿಲ್ಲ. “ನಾನು ತಡ ಬಾರ್ಸಿಲ್ಲ ತಮ್ಮಾ. ಸಮ್ಮು ಎಲ್ಲಿ ಬೀಳ್ತತಿ ಅಂತ ನಂಗೊತ್ತಿಲ್ವ?” ಎಂದರು. ಸಮ್ಮು ಎಂದರೆ ತಾಳದ ಒಂದು ಸುತ್ತಿನ, ಅಂದರೆ ಆವರ್ತನದ, ಮೊದಲ ಪೆಟ್ಟು. ಆದರೂ ಮಾತಿಗೆ ಬೆಲೆ ಕೊಟ್ಟು ಒಂದು ಪದವನ್ನು ಮತ್ತೆ ಬಾರಿಸಿಕೊಟ್ಟರು. ಈ ಒಂದು ಟೇಕ್ ಮುಂದೆ ದೊಡ್ಡ ಗಂಟಾಯಿತು, ಅಲ್ಲಿಗೆ ಆಮೇಲೆ ಬರುತ್ತೇನೆ.

ಹಿಂದೆ ಹಾಡುವವರ ಸರದಿಗೆ ಇನ್ನೊಂದು ತೊಂದರೆ. ಐದು ಜನಕ್ಕೆ ಇದ್ದದ್ದು ಎರಡು ಹೆಡ್‌ಫೋನ್. ಇಂಟರ್‌ಫೇಸ್‌ನ ಹೆಡ್‌ಫೋನ್ ಕಿಂಡಿಗೆ ಸಣ್ಣ ಬ್ಲೂಟೂತ್ ಟ್ರಾನ್ಸ್‌ಮಿಟರ್ ಸಿಕ್ಕಿಸಿ, ಕೋಣೆಯಲ್ಲಿ ಬ್ಲೂಟೂತ್ ಸ್ಪೀಕರ್ ಇಟ್ಟು, ಅದರಲ್ಲಿ ಹಾಡು ಕೇಳಿಸುತ್ತ ಅವರನ್ನು ಹಾಡಿಸಿದರು. ಅವರ ದನಿಯಂತೂ ಇನ್ನೂ ಹಿಂದೆ ಬಿತ್ತು. ಮುಂದಾಳು ಮುಂದಿನ ಸಾಲು ಎತ್ತಿಕೊಂಡ ಮೇಲೂ ಹಿಂದಿನ ಸಾಲಿನ ಬಾಲ ಎಳೆಯುತ್ತಿತ್ತು.

ಮೊದಲು ಮಾಡಿದ ಪರಿಹಾರ

ಹುಡುಗ ಸಾಫ್ಟ್‌ವೇರ್‌ನಿಂದ ಸರಿ ಮಾಡಲು ಹೊರಟ. ಈ ಕೆಲಸಕ್ಕೆ ಇಂದು ಬಹುತೇಕ ಎಲ್ಲ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲೂ ಸಲಕರಣೆ ಇದೆ. ಪ್ರೊ ಟೂಲ್ಸ್‌ನಲ್ಲಿ 2007ರಿಂದ ಎಲಾಸ್ಟಿಕ್ ಆಡಿಯೊ, ಲಾಜಿಕ್‌ನಲ್ಲಿ 2009ರಿಂದ ಫ್ಲೆಕ್ಸ್ ಟೈಮ್, ಕ್ಯೂಬೇಸ್‌ನಲ್ಲಿ ಆಡಿಯೊವಾರ್ಪ್, ಅವನ ಬಳಿಯಿದ್ದ ರೀಪರ್‌ನಲ್ಲಿ ಸ್ಟ್ರೆಚ್ ಮಾರ್ಕರ್. ಎಲ್ಲದರ ಹೂರಣ ಒಂದೇ. ದನಿಯ ಅಲೆಯಲ್ಲಿ ಪೆಟ್ಟು ಎದ್ದ ಜಾಗಗಳನ್ನು ಸಾಫ್ಟ್‌ವೇರ್ ಹುಡುಕಿ ಗುರುತು ಹಾಕುತ್ತದೆ. ಆ ಗುರುತುಗಳನ್ನು ಹತ್ತಿರದ ಗ್ರಿಡ್ ಗೆರೆಗೆ, ಅಂದರೆ ಪರದೆಯ ಮೇಲೆ ಬೀಟ್ ಬೀಟಿಗೆ ಸಮ ಅಂತರದಲ್ಲಿರುವ ಗೆರೆಗೆ, ಎಳೆದು ಕೂರಿಸುತ್ತದೆ. ಎರಡು ಗುರುತಿನ ನಡುವಿನ ದನಿಯನ್ನು ಹಿಗ್ಗಿಸುತ್ತದೆ ಇಲ್ಲವೇ ಕುಗ್ಗಿಸುತ್ತದೆ.

ಗ್ರಿಡ್ ಬೇಕೆಂದರೆ ಟೆಂಪೊ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಎಂಬ ಲೆಕ್ಕ, ಬೇಕು. ಒಂದು ಪದದ ನಡುಭಾಗವನ್ನು ಅಳೆದು 84 ಎಂದು ಗೊತ್ತುಮಾಡಿಕೊಂಡ. ಆದರೆ ಆ ಪದ 80ರ ಆಸುಪಾಸಿನಲ್ಲಿ ಹುಟ್ಟಿ 94ರ ಹತ್ತಿರ ಮುಗಿಯುವಂಥದ್ದು. ಅದನ್ನು 84ಕ್ಕೆ ಕಟ್ಟಿಹಾಕಿದರೆ ಶುರುವನ್ನು ಶೇ. 5ರಷ್ಟು ಬಿರುಸು ಮಾಡಬೇಕು, ಕೊನೆಯನ್ನು ಶೇ. 11ರಷ್ಟು ನಿಧಾನ ಮಾಡಬೇಕು. ಏರುವುದಕ್ಕೆಂದೇ ಇರುವ ಪದ ಚಪ್ಪಟೆಯಾಗುವುದು ಇಲ್ಲೇ.

ತಬಲಾ ಗೆರೆಗೆ ಕೂತಿತು. ಕೂತ ಕೂಡಲೇ ಹಾಡು ಕೆಟ್ಟಂತೆ ಕೇಳಿಸತೊಡಗಿತು, ಏಕೆಂದರೆ ಹಾಡು ಗೆರೆಯ ಮೇಲಿರಲಿಲ್ಲ. ಹಾಗಾಗಿ ಹಾಡನ್ನೂ ಸಾಲು ಸಾಲಾಗಿ ಕತ್ತರಿಸಿ ಸರಿಸಿದ. ಹಾಡು ಸರಿದ ಮೇಲೆ ಹಾರ್ಮೋನಿಯಂ ಬಿಟ್ಟಿತು. ಹಾರ್ಮೋನಿಯಂನ ಸ್ವರಕ್ಕೆ ತಬಲಾದ ಹಾಗೆ ಚೂಪಾದ ತಲೆ ಇರುವುದಿಲ್ಲ, ಗಾಳಿ ತುಂಬಿದಂತೆ ಮೆಲ್ಲಗೆ ಏಳುತ್ತದೆ. ಪೆಟ್ಟು ಹುಡುಕುವ ಸಾಫ್ಟ್‌ವೇರ್ ಅಲ್ಲಿ ಬೆರಳಿನ ಸದ್ದು, ತಿದಿಯ ಸದ್ದುಗಳನ್ನೇ ಪೆಟ್ಟೆಂದು ತಿಳಿದು ಗುರುತು ಹಾಕಿತ್ತು. ಹಿಗ್ಗಿಸಿದ ಕಡೆಯೆಲ್ಲ ಸ್ವರ ನಡುಗುತ್ತಿತ್ತು. ತಾಳದ ಲೋಹದ ನಾದ ಹಿಗ್ಗಿದಾಗ ಪೆಟ್ಟಿಗೆ ಮೊದಲೇ ಒಂದು ಸೀಳು ಸದ್ದು ಬರುತ್ತಿತ್ತು. ಡಗ್ಗಾದ ಮೇಲೆ ಮಣಿಕಟ್ಟು ಒತ್ತಿ ಎಳೆಯುವ ಗುಂಕಾರ ನಡುವೆ ತುಂಡಾಗಿತ್ತು.

ಇದರ ಮೇಲೆ ಕೀಬೋರ್ಡಿನವರಿಂದ ಬೇಸ್ ಮತ್ತು ತಂತಿವಾದ್ಯದ ಹಿನ್ನೆಲೆ ಹಾಕಿಸಿ ಮೇಳಕ್ಕೆ ಕೇಳಿಸಿದರು. ಮುಂದಾಳು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರಂತೆ: “ಇಲ್ಲಿ ನಾನು ಉಸ್ರು ತಗಂಡಿದ್ದೆ, ಅದೆಲ್ಲಿ ಹೋತು?” ತಬಲಾ ಮಾಸ್ತರು ಏನೂ ಹೇಳದೆ ಎದ್ದು ಬಸ್‌ಸ್ಟ್ಯಾಂಡಿಗೆ ಹೋದರು. ಅಲ್ಲಿಗೆ ಕೆಲಸ ನಿಂತಿತು. ಹುಡುಗ ಚಿತ್ರದುರ್ಗದಲ್ಲಿ ಮಿಕ್ಸಿಂಗ್ ಕೆಲಸ ಮಾಡುವ ನನ್ನನ್ನು ಕರೆದದ್ದು ಆಗ.

ಮೂಲಕ್ಕೆ ಮರಳಿದ್ದು

ಅವನು ಕೇಳಿದ್ದು ಇಷ್ಟೇ: “ಸ್ಟ್ರೆಚ್ ಸದ್ದು ಕೇಳದ ಹಾಗೆ ಕ್ವಾಂಟೈಸ್ ಮಾಡಿಕೊಡಿ.” ಬೇರೆ ಅಲ್ಗಾರಿದಮ್ ಹಾಕಿ, ಗುರುತುಗಳನ್ನು ಕೈಯಿಂದ ತಿದ್ದಿ, ಅದನ್ನೂ ಮಾಡಬಹುದಿತ್ತು. ನಾನು ಒಪ್ಪಲಿಲ್ಲ. ಒಬ್ಬ ಅನುಭವಿ ವಾದಕ ‘ನಾನು ತಡ ಬಾರಿಸಿಲ್ಲ’ ಎಂದಿದ್ದಾರೆ. ಆ ಮಾತು ನಿಜವೋ ಅಲ್ಲವೋ ತಿಳಿಯುವ ತನಕ ತಿದ್ದುವ ಕೆಲಸಕ್ಕೆ ಅರ್ಥವಿಲ್ಲ.

ಅದೃಷ್ಟಕ್ಕೆ ರೀಪರ್ ಮೂಲ ಫೈಲುಗಳನ್ನು ಮುಟ್ಟುವುದಿಲ್ಲ. ಕತ್ತರಿಸಿದ್ದು, ಎಳೆದದ್ದು ಎಲ್ಲ ಪ್ರಾಜೆಕ್ಟ್ ಫೈಲಿನಲ್ಲಿ ಸೂಚನೆಯಾಗಿ ಇರುತ್ತದೆ, ರೆಕಾರ್ಡ್ ಆದ ವೇವ್ ಫೈಲ್ ಹಾಗೇ ಉಳಿದಿರುತ್ತದೆ. ಆ ಫೈಲುಗಳಲ್ಲಿ ಬ್ರಾಡ್‌ಕಾಸ್ಟ್ ವೇವ್ ಮಾಹಿತಿಯೂ ಸೇರಿತ್ತು, ಅಂದರೆ ಟೈಮ್‌ಲೈನ್‌ನಲ್ಲಿ ಫೈಲ್ ಎಲ್ಲಿಂದ ಶುರುವಾಯಿತು ಎಂಬ ಗುರುತು. ಹೊಸ ಪ್ರಾಜೆಕ್ಟ್ ತೆರೆದು, ಎಲ್ಲ ಮೂಲ ಟೇಕ್‌ಗಳನ್ನು ಅವವುಗಳ ಹುಟ್ಟಿದ ಜಾಗಕ್ಕೇ ಕೂರಿಸಿದೆ. ಹಳೆಯ ಪ್ರಾಜೆಕ್ಟನ್ನು ಅಳಿಸದೆ ಪಕ್ಕಕ್ಕಿಟ್ಟೆ.

ಆಮೇಲೆ ಮಾನಿಟರ್ ಪರದೆಯನ್ನು ಆರಿಸಿ ಕೇಳಿದೆ. ಇದನ್ನು ಒತ್ತಿ ಹೇಳುತ್ತೇನೆ. ಗ್ರಿಡ್ ಗೆರೆ ಕಣ್ಣ ಮುಂದಿದ್ದರೆ ಕಿವಿ ಅದರ ಮಾತನ್ನೇ ಕೇಳುತ್ತದೆ. ಪರದೆ ಆರಿಸಿ ಕೇಳಿದಾಗ ಒಂದು ಸಂಗತಿ ಹೊಳೆಯಿತು. ತಬಲಾ ಹಿಂದೆ ಬೀಳುತ್ತಿದ್ದದ್ದು ನಿಜ, ಆದರೆ ತಬಲಾವನ್ನಷ್ಟೇ ಬೇರೆಯಾಗಿ ಕೇಳಿದರೆ ಅದರ ನಡೆ ಬಹಳ ಗಟ್ಟಿಯಾಗಿತ್ತು. ಎಡವುವವರ ಕೈ ಹಾಗೆ ಕೇಳಿಸುವುದಿಲ್ಲ.

ಮೊದಲ ತಿರುವು: ತಡ ಯಾವ ಜಾತಿಯದು?

ಅಳೆಯಲು ಒಂದು ಆಧಾರ ಬೇಕಿತ್ತು. ಹಾಡಿನ ಸ್ವರದಲ್ಲಿ, ಹಾರ್ಮೋನಿಯಂನಲ್ಲಿ ಚೂಪಾದ ಬಿಂದು ಸಿಗುವುದಿಲ್ಲ. ಮುಂದಾಳಿನ ಕೈಯ ಚಿಟಿಕೆ ಅವರ ಮೈಕಿನಲ್ಲೇ ಸೇರಿತ್ತು. ಪ್ರತಿ ಆವರ್ತನದ ಸಮ್‌ನಲ್ಲಿ ಚಿಟಿಕೆಯ ಪೆಟ್ಟು ಎಲ್ಲಿದೆ, ತಬಲಾದ ಪೆಟ್ಟು ಎಲ್ಲಿದೆ ಎಂದು ಪದದ ಶುರು, ನಡು, ಕೊನೆಗಳಲ್ಲಿ ಅಳೆದೆ. ಪೆಟ್ಟಿನಿಂದ ಪೆಟ್ಟಿಗೆ ಒಂದಿಷ್ಟು ಹೆಚ್ಚುಕಡಿಮೆ ಇತ್ತು, ಮನುಷ್ಯರ ಕೈಗೆ ಅದು ಸಹಜ. ಆದರೆ ಸರಾಸರಿ ತಡ ಎಲ್ಲ ಕಡೆ 40 ಮಿಲಿಸೆಕೆಂಡಿನ ಹತ್ತಿರ. ಲಯ 80 ಇದ್ದಾಗಲೂ ಅಷ್ಟೇ, 94 ಆದಾಗಲೂ ಅಷ್ಟೇ.

ವಾದಕನ ಕೈ ನಿಜಕ್ಕೂ ಹಿಂದೆ ಉಳಿಯುವ ಗುಣದ್ದಾಗಿದ್ದರೆ ಆ ತಡ ಲಯ ಏರಿದಂತೆ ಬದಲಾಗುತ್ತದೆ, ಕಷ್ಟದ ಪೆಟ್ಟುಗಳ ಬೋಲ್‌ಗಳಲ್ಲಿ ಹೆಚ್ಚುತ್ತದೆ, ಸುಲಭದ ಠೇಕಾದಲ್ಲಿ (ತಾಳದ ಮೂಲ ನಡೆಯಲ್ಲಿ) ಇಳಿಯುತ್ತದೆ. ಲಯ ಏನೇ ಆಗಲಿ ಮಿಲಿಸೆಕೆಂಡಿನಲ್ಲಿ ಜಗ್ಗದೆ ನಿಂತ ತಡವನ್ನು ಕಂಡರೆ ಮೊದಲು ಯಂತ್ರವನ್ನೇ ಶಂಕಿಸಬೇಕು. 40 ಮಿಲಿಸೆಕೆಂಡ್ ಸಣ್ಣದಲ್ಲವೇ ಎನ್ನಬಹುದು. 84ರ ಟೆಂಪೊದಲ್ಲಿ ಒಂದು ಬೀಟ್ ಸುಮಾರು 714 ಮಿಲಿಸೆಕೆಂಡ್. ಕೇರವಾ ತಾಳದ ಎಂಟು ಮಾತ್ರೆಯನ್ನು ನಾಲ್ಕು ಬೀಟಿಗೆ ಹರಡಿದರೆ ಮಾತ್ರೆಗೆ 357. ಅದರ ಹತ್ತನೇ ಒಂದು ಪಾಲಿಗಿಂತ ಹೆಚ್ಚು ತಡವಾದರೆ ಎರಡು ಪೆಟ್ಟು ಬೇರೆ ಬೇರೆಯಾಗಿ ಕೇಳುತ್ತವೆ.

ಪರೀಕ್ಷೆಗೆ ಒಂದು ಕೇಬಲ್ ಸಾಕು. ಇಂಟರ್‌ಫೇಸ್‌ನ ಔಟ್‌ಪುಟ್‌ನಿಂದ ಅದರದೇ ಇನ್‌ಪುಟ್‌ಗೆ ಕೇಬಲ್ ಹಾಕಿ, ಒಂದು ಕ್ಲಿಕ್ ಸದ್ದನ್ನು ನುಡಿಸಿ, ಅದನ್ನೇ ಇನ್ನೊಂದು ಟ್ರ್ಯಾಕಿಗೆ ರೆಕಾರ್ಡ್ ಮಾಡಿದೆವು. ಯಾವ ಮನುಷ್ಯನ ಕೈಯೂ ನಡುವೆ ಇಲ್ಲ. ಸೆಟ್ಟಿಂಗ್ ಸರಿಯಿದ್ದರೆ ಎರಡೂ ಕ್ಲಿಕ್ ಒಂದರ ಕೆಳಗೆ ಒಂದು ಬೀಳಬೇಕು. ಇಲ್ಲಿ ಎರಡನೆಯದು 1,824 ಸ್ಯಾಂಪಲ್ ತಡವಾಗಿ ಬಿದ್ದಿತ್ತು. ಸ್ಯಾಂಪಲ್ ಎಂದರೆ ದನಿಯ ಒಂದು ಅಳತೆ, 48 ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ ಅಂಥ 48,000. 48 ಕಿಲೋಹರ್ಟ್ಸ್‌ನಲ್ಲಿ ಅದು ಸರಿಯಾಗಿ 38 ಮಿಲಿಸೆಕೆಂಡ್.

ಕಾರಣವೂ ಸಿಕ್ಕಿತು. ದನಿ ಕಂಪ್ಯೂಟರಿನಿಂದ ಹೊರಗೆ ಹೋಗಲು, ಒಳಗೆ ಬರಲು ಸಮಯ ಹಿಡಿಯುತ್ತದೆ. ದನಿಯನ್ನು ಕೂಡಿಟ್ಟು ಕಳಿಸುವ ಬಫರ್ 512 ಸ್ಯಾಂಪಲ್ ಇದ್ದರೆ 48 ಕಿಲೋಹರ್ಟ್ಸ್‌ನಲ್ಲಿ ಬಫರ್ ಒಂದಕ್ಕೇ 10.7 ಮಿಲಿಸೆಕೆಂಡ್. ‘ನನ್ನ ತಡ ಇಷ್ಟು’ ಎಂದು, ಸಾಧನವನ್ನು ಕಂಪ್ಯೂಟರಿನೊಂದಿಗೆ ಮಾತಾಡಿಸುವ ಡ್ರೈವರ್ ಪ್ರೋಗ್ರಾಂ, ಸಾಫ್ಟ್‌ವೇರ್‌ಗೆ ತಿಳಿಸುತ್ತದೆ. ಸಾಫ್ಟ್‌ವೇರ್ ಅಷ್ಟನ್ನು ಕಳೆದು, ರೆಕಾರ್ಡ್ ಆದದ್ದನ್ನು ಮುಂಚಿತಕ್ಕೆ ಸರಿಸಿ ಕೂರಿಸುತ್ತದೆ. ಈ ಸ್ಟುಡಿಯೊದಲ್ಲಿ ಇಂಟರ್‌ಫೇಸ್‌ನ ಸ್ವಂತ ಡ್ರೈವರ್ ಕೈಕೊಟ್ಟಿದ್ದರಿಂದ ಯಾವುದೇ ಸಾಧನಕ್ಕೂ ಹೊಂದುವ ಒಂದು ಸಾರ್ವತ್ರಿಕ ಡ್ರೈವರ್ ಹಾಕಿದ್ದರು. ಅದು ಹೇಳುತ್ತಿದ್ದ ತಡ ಒಂದು, ನಿಜವಾದ ತಡ ಇನ್ನೊಂದು. ಆ ವ್ಯತ್ಯಾಸವೇ 38.

ಸಂಖ್ಯೆ ಕಂಡ ಕೂಡಲೇ ಹುಡುಗ ಫೋನ್ ತೆಗೆದುಕೊಂಡು ಹೊರಗೆ ಹೋಗಿ ಮಾಸ್ತರಿಗೆ ಕರೆ ಮಾಡಿದ. ಯಂತ್ರದ ತಪ್ಪನ್ನು ನಿಮ್ಮ ಮೇಲೆ ಹೊರಿಸಿದೆ, ಮನ್ನಿಸಿ ಎಂದ. ಅವನು ಹಾಗೆ ಮಾಡದಿದ್ದರೆ ಮುಂದಿನ ಯಾವ ತಾಂತ್ರಿಕ ಪರಿಹಾರವೂ ಕೆಲಸಕ್ಕೆ ಬರುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪದರದ ಮೇಲೆ ಪದರ ತಡ

ಮೂಲ ತಬಲಾ ಟೇಕ್‌ಗಳನ್ನು, ಎರಡೂ ಮೈಕ್ ಒಟ್ಟಿಗೆ, 38 ಮಿಲಿಸೆಕೆಂಡ್ ಮುಂಚಿತಕ್ಕೆ ಸರಿಸಿದೆ. ಒಂದೇ ಒಂದು ಕತ್ತರಿ ಇಲ್ಲ, ಒಂದೇ ಒಂದು ಹಿಗ್ಗುವಿಕೆ ಇಲ್ಲ. ಠೇಕಾ ಹಾಡಿನ ಕೆಳಗೆ ಹೋಗಿ ಕೂತಿತು. ಎರಡು ಮೈಕನ್ನು ಗುಂಪು ಮಾಡಿಕೊಂಡು ಸರಿಸುವುದು ಮರೆಯಬಾರದ ಮಾತು. ಡಗ್ಗಾದ ಮೈಕಿಗೆ ಬಲದ ಸದ್ದೂ, ಬಲದ ಮೈಕಿಗೆ ಡಗ್ಗಾದ ಸದ್ದೂ ಬಂದಿರುತ್ತದೆ. ಒಂದನ್ನು ಮಾತ್ರ ಸರಿಸಿದರೆ ಅಲೆಗಳ ಹೊಂದಿಕೆ (ಫೇಸ್) ಕೆಟ್ಟು ದನಿ ಟೊಳ್ಳಾಗುತ್ತದೆ.

ತಾಳ ಮಾತ್ರ 38 ಸರಿಸಿದರೂ ಕೂಡಲಿಲ್ಲ. ಕಾರಣ ಯೋಚಿಸಿದರೆ ಸರಳ. ತಾಳದವರು ರೆಕಾರ್ಡ್ ಮಾಡುವಾಗ ಕೇಳುತ್ತಿದ್ದದ್ದು ಆಗಲೇ 38 ತಡವಾಗಿ ಕೂತಿದ್ದ ತಬಲಾವನ್ನು. ಅವರು ತಬಲಾವನ್ನೇ ಹಿಡಿದು ಬಾರಿಸಿದರು, ಯಾವ ತಾಳದವರೂ ಮಾಡುವುದು ಅದನ್ನೇ. ಅವರ ರೆಕಾರ್ಡಿಂಗಿಗೆ ಮತ್ತೆ 38 ಸೇರಿತು. ಒಟ್ಟು 76. ಎರಡರಷ್ಟು ಸರಿಸಿದಾಗ ಕೂತಿತು. ಪದರಗಳಲ್ಲಿ ರೆಕಾರ್ಡ್ ಮಾಡುವಾಗ ತಡ ಕೂಡುತ್ತ ಹೋಗುತ್ತದೆ, ಮತ್ತು ಯಾರು ಯಾರನ್ನು ಕೇಳಿ ನುಡಿಸಿದರು ಎಂಬುದನ್ನು ತಿಳಿಯದೆ ಅದನ್ನು ಬಿಡಿಸಲಾಗದು. ನಾನು ಹುಡುಗನಿಗೆ ಹೆಚ್ಚು ಕೇಳಿದ ಪ್ರಶ್ನೆ ಇದೇ: ಇವರ ಕಿವಿಯಲ್ಲಿ ಆಗ ಏನಿತ್ತು?

ಹಿಂದೆ ಹಾಡುವವರ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ರೆಕಾರ್ಡಿಂಗ್‌ನ ಒಳಗೇ ಇತ್ತು. ಬ್ಲೂಟೂತ್ ಸ್ಪೀಕರಿನ ಸದ್ದು ಅವರ ಮೈಕಿಗೂ ಸೋರಿತ್ತು. ಹುಡುಗನಿಗೆ ಅದು ತಲೆನೋವು, ಅದನ್ನು ಹೇಗಾದರೂ ತೆಗೆಯಬೇಕೆಂದು ಒದ್ದಾಡಿದ್ದ. ನನಗೆ ಅದೇ ಸಾಕ್ಷಿಯಾಯಿತು. ಸೋರಿದ ಚಿಟಿಕೆ ಪೆಟ್ಟನ್ನು ಮೊದಲ ಪದರದ ಚಿಟಿಕೆ ಪೆಟ್ಟಿನ ಕೆಳಗೆ ಇಟ್ಟು ಅಳೆದರೆ, ಹಾಡುವವರ ಕಿವಿಗೆ ಹಾಡು ಎಷ್ಟು ತಡವಾಗಿ ತಲುಪುತ್ತಿತ್ತು ಎಂದು ಹೆಚ್ಚುಕಡಿಮೆ ನಿಖರವಾಗಿ ಗೊತ್ತಾಗುತ್ತದೆ. ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಮೀಟರಿಗೆ 3 ಮಿಲಿಸೆಕೆಂಡಿನಷ್ಟು. ಸ್ಪೀಕರಿನಿಂದ ಮೈಕಿಗೂ ಹಾಡುವವರ ಕಿವಿಗೂ ಇರುವ ದೂರ ಹತ್ತಿರ ಹತ್ತಿರ ಒಂದೇ ಆದ್ದರಿಂದ ಆ ಲೆಕ್ಕವೂ ಅದರಲ್ಲೇ ಅಡಗಿ ಹೋಗುತ್ತದೆ.

ಅಳತೆ ಪದದಿಂದ ಪದಕ್ಕೆ ಬೇರೆಯಾಗಿತ್ತು. ಕೆಲವದರಲ್ಲಿ 190ರ ಹತ್ತಿರ, ಒಂದರಲ್ಲಿ 230. ಬ್ಲೂಟೂತ್ ಪ್ರತಿ ಸಲ ಕೂಡಿಕೊಂಡಾಗಲೂ ಅಷ್ಟೇ ತಡ ಕೊಡುತ್ತದೆಂಬ ಭರವಸೆ ಇಲ್ಲ. ಹಾಗಾಗಿ ಒಂದೇ ಸಂಖ್ಯೆಯನ್ನು ಎಲ್ಲದಕ್ಕೂ ಹಾಕದೆ ಟೇಕ್ ಟೇಕಿಗೂ ಅಳೆದು ಸರಿಸಿದೆ. ಇನ್ನೊಂದು ಲಾಭವೂ ಆಯಿತು. ಸೋರಿದ ಹಾಡು ಈಗ ಮೂಲ ಹಾಡಿನ ಮೇಲೇ ಬಿದ್ದದ್ದರಿಂದ, ಮೊದಲು ಪ್ರತಿಧ್ವನಿಯಂತೆ ಕಾಡುತ್ತಿದ್ದದ್ದು ಬೆರೆತು ಮರೆಯಾಯಿತು. ದನಿಯ ಬಣ್ಣದಲ್ಲಿ ತುಸು ಬದಲಾವಣೆ ಉಳಿಯಿತು, ಇಕ್ವಲೈಜರ್‌ನಲ್ಲಿ ತಿದ್ದುವಷ್ಟೇ.

ಎಲ್ಲ ಪದರ ಕೂತ ಮೇಲೆ ಕೇಳಿದರೆ, ಮುಂದಾಳಿನ ಸಾಲಿನ ಕೊನೆಯ ಅಕ್ಷರ ಮುಗಿಯುವ ಮೊದಲೇ ಹಿಂದಿನವರು ಸೊಲ್ಲು ಎತ್ತಿಕೊಳ್ಳುತ್ತಿದ್ದರು. ಗ್ರಿಡ್ ಹಿಡಿದು ತಿದ್ದಿದಾಗ ಅವರನ್ನು ಮುಂದಿನ ಆವರ್ತನದ ಮೊದಲ ಗೆರೆಗೆ ತಳ್ಳಲಾಗಿತ್ತು. ಭಜನೆಯ ಹಿಡಿತ ಇರುವುದೇ ಈ ಮೇಲೆ ಮೇಲೆ ಬೀಳುವುದರಲ್ಲಿ. ಐದು ಜನರ ನಡುವೆ ಉಳಿದ ಹೆಚ್ಚುಕಡಿಮೆಯನ್ನು ಮುಟ್ಟಲಿಲ್ಲ. ಅದನ್ನೂ ಸಾಲಾಗಿ ನಿಲ್ಲಿಸಿದರೆ ಐದು ದನಿ ಒಂದೇ ದನಿಯ ನಕಲಿನಂತೆ ಕೇಳುತ್ತದೆ.

ಗ್ರಿಡ್ ಹಾಡಿನ ಹಿಂದೆ ಬರಲಿ

ಕೀಬೋರ್ಡಿನವರಿಗೆ ಗೆರೆ ಬೇಕೇ ಬೇಕು, ಇಲ್ಲದಿದ್ದರೆ ಬೇಸ್ ಎಲ್ಲಿ ಇಡಬೇಕು? ಇಲ್ಲಿ ಮಾಡಿದ್ದು ಟೆಂಪೊ ಮ್ಯಾಪ್. ಪ್ರತಿ ಆವರ್ತನದ ಸಮ್ ಬಿದ್ದ ಜಾಗಕ್ಕೆ ಒಂದು ಟೆಂಪೊ ಗುರುತು ಹಾಕುತ್ತ ಹೋದರೆ ಗ್ರಿಡ್ಡೇ ಹಿಗ್ಗಿ ಕುಗ್ಗಿ ಹಾಡಿನ ಜೊತೆ ನಡೆಯುತ್ತದೆ. ಪ್ರತಿ ಬೀಟಿಗೂ ಗುರುತು ಹಾಕಬಾರದು. ಹಾಕಿದರೆ ಕೈಯ ಸಣ್ಣ ಸಣ್ಣ ಏರುಪೇರೆಲ್ಲ ಟೆಂಪೊ ಆಗಿಬಿಟ್ಟು ಬೇಸ್ ಕುಂಟುತ್ತದೆ. ಆವರ್ತನಕ್ಕೊಂದು ಸಾಕು, ಲಗ್ಗಿಗೆ ಹೋಗುವ ಕಡೆ ಮಾತ್ರ ಅರ್ಧ ಆವರ್ತನಕ್ಕೊಂದು.

ಇದಕ್ಕೆ ಮೊದಲು ರೀಪರ್‌ನಲ್ಲಿ ಪ್ರಾಜೆಕ್ಟಿನ ಟೈಮ್‌ಬೇಸ್ ಅನ್ನು ‘ಟೈಮ್’ಗೆ ಇಡಬೇಕು. ಬೀಟ್‌ಗೆ ಬಿಟ್ಟರೆ ಟೆಂಪೊ ಗುರುತು ಹಾಕಿದ ಹಾಗೆಲ್ಲ ರೆಕಾರ್ಡಿಂಗ್‌ಗಳೂ ಜಾಗ ಬಿಟ್ಟು ಸರಿಯುತ್ತವೆ, ಮಾಡಿದ್ದೆಲ್ಲ ಹಾಳು. ಕ್ಯೂಬೇಸ್‌ನವರು ಟ್ರ್ಯಾಕ್‌ಗಳನ್ನು ಲೀನಿಯರ್ ಟೈಮ್‌ಬೇಸ್‌ಗೆ ಹಾಕಿಕೊಳ್ಳಬೇಕು.

ಮ್ಯಾಪ್ ಆದ ಮೇಲೆ ಪದದ ಏರಿಕೆ ಪರದೆಯ ಮೇಲೆ ಅಂಕಿಗಳಲ್ಲಿ ಕಂಡಿತು: 80, 81, 83, ಒಂದು ನುಡಿಯ ಕೊನೆಯಲ್ಲಿ ತುಸು ಇಳಿದು 82, ಮತ್ತೆ ಏರಿ 86. ಆ ಇಳಿತ ಮುಂದಾಳು ಉಸಿರು ತೆಗೆದುಕೊಂಡ ಜಾಗ. ಬೇಸ್ ಕೂಡ ಅಲ್ಲಿ ಅವರಿಗಾಗಿ ಕಾಯಿತು.

ಆಮೇಲೆ ಮಾಸ್ತರು ಬಂದು ಕೂತು, ತಾವೇ ನಿಜಕ್ಕೂ ತಪ್ಪಿದ ಜಾಗಗಳನ್ನು ತೋರಿಸಿದರು. ಬೆರಳೆಣಿಕೆಯಷ್ಟು. ಅವನ್ನು ಮಾತ್ರ ಕತ್ತರಿಸಿ ಸರಿಸಿದೆವು, ಪೆಟ್ಟು ಏಳುವ ತುಸು ಮುಂಚೆ ಕತ್ತರಿ, ತುದಿಗಳನ್ನು ಬೆಸೆಯಲು 5ರಿಂದ 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್. ಒಂದು ತಿಹಾಯಿ (ಮೂರು ಸಲ ಬಾರಿಸಿ ಮುಗಿಸುವ ತುಣುಕು) ಕೊಂಚ ಬೇಗ ಬಂದು ಬೀಳುತ್ತಿತ್ತು, ಸರಿಸಲೇ ಎಂದು ಹುಡುಗ ಕೇಳಿದ. “ಅದು ಬ್ಯಾಡ. ಅವರು ಅಲ್ಲಿ ಎತ್ಕಂತಾರೆ ಅಂತ ನಾನೇ ಮುಂದೆ ಹೋದೆ,” ಎಂದರು. ಹಾಗೇ ಬಿಟ್ಟೆವು.

ಕೂಡದ ಒಂದು ಪದ

ಒಂದು ಪದ ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ. 38 ಸರಿಸಿದರೆ ಮೊದಲೆರಡು ನುಡಿಗಳಲ್ಲಿ ತಬಲಾ ಹಾಡಿಗಿಂತ ಮುಂದೆ, ಸುಮಾರು 25 ಮಿಲಿಸೆಕೆಂಡ್. ಮೂರನೆಯ ನುಡಿಯ ನಡುವಿನಿಂದ ಮೆಲ್ಲಗೆ ಸರಿಹೋಗಿ, ಲಗ್ಗಿಯ ಹೊತ್ತಿಗೆ ಸರಿಯಾಗಿ ಕೂತಿತ್ತು. ನಡುವೆ ಎಲ್ಲೋ ಒಂದು ಕಡೆ ಮತ್ತೆ ಮುಂದೆ.

ಅದು ಅದೇ ಟೇಕ್, “ಮುಂದೆ ಹಿಡೀರಿ” ಎಂದಾಗ ಬಾರಿಸಿದ್ದು. ಮಾಸ್ತರು ಹುಡುಗನ ಮಾತಿಗೆ ತಲೆಬಾಗಿ ತಮ್ಮ ಕಿವಿಗೆ ವಿರುದ್ಧವಾಗಿ, ಬೇಕೆಂದೇ ಮುಂಚಿತವಾಗಿ ಬಾರಿಸಿದ್ದರು. ಹಾಡಿನಲ್ಲಿ ಮುಳುಗಿದ ಮೇಲೆ ಅದು ಮರೆತು, ಕೈ ತನ್ನ ಜಾಗಕ್ಕೆ ಬಂದಿತ್ತು. ನೆನಪಾದಾಗ ಮತ್ತೆ ಮುಂದೆ ಹೋಗಿತ್ತು. ಯಂತ್ರದ ತಡವನ್ನು ಒಂದು ಸಂಖ್ಯೆಯಿಂದ ಕಳೆಯಬಹುದು. ಮನಸ್ಸಿನೊಳಗೆ ಹೊಕ್ಕ ಅನುಮಾನ ಪೆಟ್ಟು ಪೆಟ್ಟಿಗೂ ಬೇರೆ. ಅದನ್ನು ಕೈಯಿಂದ ತಿದ್ದಬಹುದಿತ್ತು, ನೂರಾರು ಕತ್ತರಿ ಹಾಕಿ. ಹಾಗೆ ಮಾಡಿದರೆ ಉಳಿಯುವುದು ಮಾಸ್ತರ ತಬಲಾ ಅಲ್ಲ, ನನ್ನ ತಬಲಾ. ಮತ್ತೆ ರೆಕಾರ್ಡ್ ಮಾಡುವುದೆಂದು ಎಲ್ಲರೂ ಒಪ್ಪಿದೆವು.

ಈ ಸಲ ಪದರ ಬೇಡವೆಂದೆ. ಮೈಕ್‌ಸೆಟ್ ಅಂಗಡಿಯವರಿಂದ ಎಂಟು ಇನ್‌ಪುಟ್ ಇರುವ ಇಂಟರ್‌ಫೇಸ್ ಬಾಡಿಗೆಗೆ ತಂದು, ಅವರ ಊರಿನ ಭಜನೆ ಮನೆಗೇ ಹೋದೆವು. ಮೇಳ ಎಂದಿನಂತೆ ಸುತ್ತ ಕೂತಿತು. ಹೆಡ್‌ಫೋನ್ ಇಲ್ಲ, ಸ್ಪೀಕರ್ ಇಲ್ಲ. ಫ್ಯಾನ್ ಆರಿಸಿದೆವು. ಹತ್ತಿರದ ತೋಟದ ಮೋಟಾರ್ ನಿಲ್ಲುವ ತನಕ ಕಾದೆವು. ಹಿಂದೆ ಹಾಡುವವರು ತಬಲಾದಿಂದ ಮೂರು ಮೀಟರ್ ದೂರ ಇದ್ದದ್ದರಿಂದ ಅವರ ಮೈಕಿಗೆ ತಬಲಾ ಸುಮಾರು 9 ಮಿಲಿಸೆಕೆಂಡ್ ತಡವಾಗಿ ಸೋರುತ್ತಿತ್ತು. ಅದನ್ನು ಸರಿಪಡಿಸಲೇ ಎಂದು ಹುಡುಗ ಕೇಳಿದ. ಬೇಡ. ತಬಲಾಕ್ಕೆ ಸರಿಹೊಂದಿಸಿದರೆ ಅವರ ದನಿಯೇ ಮುಂದೆ ಹೋಗುತ್ತದೆ. ಆ 9 ಮಿಲಿಸೆಕೆಂಡ್ ಆ ಕೋಣೆಯ ಅಳತೆ, ಹಾಗೇ ಇರಲಿ.

ಊರಿನ ಹುಡುಗನೊಬ್ಬ ಮೊಬೈಲಿನಲ್ಲಿ ವಿಡಿಯೊ ತೆಗೆದಿದ್ದ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿಸಿದ್ದರಿಂದ ಅದರ ಮೇಲೆ ನಮ್ಮ ಆಡಿಯೊ ಹೊಂದಿಸಿದೆವು. ಎರಡು ಯಂತ್ರದ ಗಡಿಯಾರಗಳು ಒಂದೇ ನಡೆ ಇರುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಏಳು ನಿಮಿಷದ ಪದಕ್ಕೆ 21 ಮಿಲಿಸೆಕೆಂಡ್ ಆಗುತ್ತದೆ. ವಿಡಿಯೊದ ಒಂದು ಫ್ರೇಮಿಗಿಂತ ಕಡಿಮೆ. ಏನೂ ಮಾಡಬೇಕಾಗಲಿಲ್ಲ. ಇಡೀ ರಾತ್ರಿಯ ಭಜನೆಯಾಗಿದ್ದರೆ ನಡುನಡುವೆ ಹೊಂದಿಸಬೇಕಾಗುತ್ತಿತ್ತು.

ಆಮೇಲೆ

ಜಾತ್ರೆಗೆ ಪೆನ್‌ಡ್ರೈವ್ ಹಂಚಿದರು. ಮುಂದಾಳು ಎಲ್ಲ ಪದಗಳನ್ನೂ ಒಪ್ಪಿದರು, ಒಂದರಲ್ಲಿ ಬೇಸ್ ಜಾಸ್ತಿಯಾಯಿತೆಂದು ತೆಗೆಸಿದರು. ಎರಡನೆಯ ಸಲ ಇಡೀ ಮೇಳ ಒಟ್ಟಿಗೆ ಕೂತು ಮಾಡಿದ ಪದವೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದು ಊರವರು ಹೇಳುತ್ತಾರೆ, ನನ್ನ ಕಿವಿಗೂ ಹಾಗೇ ಅನಿಸುತ್ತದೆ.

ಸ್ಟುಡಿಯೊದ ಹುಡುಗ ಕೆಲಸದ ಕ್ರಮ ಬದಲಿಸಿದ್ದಾನೆ. ಸೆಟ್ಟಿಂಗ್‌ನಲ್ಲಿ ಹೆಚ್ಚುವರಿ ತಡದ ಸ್ಯಾಂಪಲ್ ಸಂಖ್ಯೆಯನ್ನು ಕೈಯಿಂದ ತುಂಬಿದ್ದಾನೆ. ಆದರೆ ಅದನ್ನೇ ನಂಬಿ ಕೂರುವುದಿಲ್ಲ, ಏಕೆಂದರೆ ಡ್ರೈವರ್ ಬದಲಾದರೆ, ಬಫರನ್ನು 512ರಿಂದ 256ಕ್ಕೆ ಇಳಿಸಿದರೆ, ಸ್ಯಾಂಪಲ್ ರೇಟ್ ಬದಲಿಸಿದರೆ ಆ ಸಂಖ್ಯೆಯೂ ಬದಲಾಗಬಹುದು. ಕಲಾವಿದರು ಬರುವ ಮೊದಲು ಕೇಬಲ್ ಹಾಕಿ ಕ್ಲಿಕ್ ರೆಕಾರ್ಡ್ ಮಾಡಿ ನೋಡುತ್ತಾನೆ. ಬ್ಲೂಟೂತ್ ಸ್ಪೀಕರನ್ನು ರೆಕಾರ್ಡಿಂಗ್ ಕೋಣೆಯಿಂದ ಹೊರಗಿಟ್ಟು, ಐದು ತಂತಿ ಹೆಡ್‌ಫೋನ್ ಮತ್ತು ಅವಕ್ಕೆ ದನಿ ಹಂಚುವ ಸಣ್ಣ ಪೆಟ್ಟಿಗೆಯೊಂದನ್ನು ಕೊಂಡಿದ್ದಾನೆ. ಯಾರು ಯಾವ ಪದರವನ್ನು ಕೇಳುತ್ತ ನುಡಿಸಿದರು ಎಂದು ಟ್ರ್ಯಾಕಿನ ಟಿಪ್ಪಣಿಯಲ್ಲಿ ಬರೆದಿಡುತ್ತಾನೆ. ತಾಳ ಕೂಡದಿದ್ದಾಗ ಕಲಾವಿದರಿಗೆ ಅವನೀಗ ಹೇಳುವುದು “ಒಂದ್ನಿಮಿಷ ತಡೀರಿ, ನಮ್ಮ ಕಡೆ ನೋಡ್ತೀನಿ” ಎಂದು. ಆ ಹೊತ್ತಿನಲ್ಲಿ ಮಾಸ್ತರ ಹಾಗೆ ಯಾರೂ ತಮ್ಮ ಕಿವಿಯನ್ನು ಅನುಮಾನಿಸಿಕೊಂಡು ಮತ್ತೆ ಬಾರಿಸಬೇಕಾಗಿ ಬರುವುದಿಲ್ಲ.